ಮಗಳ ಫೀಸಿಗೆ ಉಳಿತಾಯ, ಅಮ್ಮನ ಪರೀಕ್ಷೆಗೆ ಸಾಲ

ನೌಕರರ ಭವಿಷ್ಯ ನಿಧಿಯ ನಿಯಮಗಳಲ್ಲಿ 68ಕೆ ಎಂಬ ಕಂಡಿಕೆಯೊಂದಿದೆ. ಏಳು ವರ್ಷ ಪಿಎಫ್ ಕಟ್ಟಿದ ಕಾರ್ಮಿಕರು ತಮ್ಮ ಪಾಲಿನ ಹಣದಲ್ಲಿ ಅರ್ಧದವರೆಗೆ ಮದುವೆಗೋ ಓದಿಗೋ ತೆಗೆಯಬಹುದು ಎಂದು ಅದು ದಶಕಗಳಿಂದ ಹೇಳಿಕೊಂಡು ಬಂತು. ಮದುವೆ ಯಾರದ್ದು? ತನ್ನದಾಗಬಹುದು, ಮಗ ಮಗಳದ್ದಾಗಬಹುದು, ಒಡಹುಟ್ಟಿದವರದ್ದೂ ಆಗಬಹುದು. ಓದು ಯಾರದ್ದು? ಮಗನದ್ದು ಅಥವಾ ಮಗಳದ್ದು ಮಾತ್ರ, ಅದೂ ಹತ್ತನೇ ತರಗತಿ ದಾಟಿದ ಮೇಲಿನದು. ಹಣ ಕಟ್ಟಿದವರೇ ಓದಲು ಹೊರಟರೆ ಏನು ಎಂಬ ಪ್ರಶ್ನೆ ನಿಯಮ ಬರೆದವರಿಗೆ ಹೊಳೆದೇ ಇರಲಿಲ್ಲ. ತಡವಾಗಿ ಮದುವೆಯಾಗುವ ಕಾರ್ಮಿಕನನ್ನು ಊಹಿಸಿಕೊಂಡ ಕಾನೂನು ತಡವಾಗಿ ಓದುವ ಕಾರ್ಮಿಕನನ್ನು ಊಹಿಸಿಕೊಳ್ಳಲಿಲ್ಲ.

ಇದು ಒಂದು ಕಂಡಿಕೆಯ ಕಥೆಯಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಅಡಿ ಬೋಧನಾ ಶುಲ್ಕಕ್ಕೆ ವಿನಾಯಿತಿ ಸಿಕ್ಕಿದ್ದು ಇಬ್ಬರು ಮಕ್ಕಳ ಪೂರ್ಣಾವಧಿ ಓದಿಗೆ. ತಾನೇ ಕಟ್ಟಿಕೊಂಡ ತನ್ನ ಫೀಸಿಗೆ ಅಲ್ಲ. ಸಾಲ ಮಾಡಿ ಓದಿದರೆ ಬಡ್ಡಿಗೆ 80ಇ ಅಡಿ ವಿನಾಯಿತಿ ಇತ್ತು, ಅದರಲ್ಲಿ ಸ್ವಂತ ಓದೂ ಸೇರುತ್ತಿತ್ತು. ಅಂದರೆ ವಯಸ್ಕರು ಕೂಡಿಟ್ಟು ಓದಿದರೆ ಏನೂ ಇಲ್ಲ, ಸಾಲ ಮಾಡಿ ಓದಿದರೆ ಒಂದಿಷ್ಟು ಇದೆ. 2015ರ ಸುಕನ್ಯಾ ಸಮೃದ್ಧಿ ಹೆಣ್ಣುಮಗುವಿನ ಹೆಸರಿನಲ್ಲಿ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಶೈಕ್ಷಣಿಕ ಸಹಾಯಧನ ಕಾರ್ಮಿಕರ ಮಕ್ಕಳಿಗೆ. ಕಾರ್ಮಿಕ ಕಲ್ಯಾಣ ಮಂಡಳಿಯ ಪ್ರೋತ್ಸಾಹಧನವೂ ಮಕ್ಕಳಿಗೇ. ಇವೆಲ್ಲ ಬೇಕಾದವೇ, ಯಾವುದೂ ದಂಡವಲ್ಲ. ಆದರೆ ಸಾಲಾಗಿ ಇಟ್ಟು ನೋಡಿದರೆ ಒಂದು ತೀರ್ಮಾನ ತಾನಾಗಿ ಕಾಣುತ್ತದೆ: ನಮ್ಮ ವ್ಯವಸ್ಥೆಗೆ ಓದು ಎಂದರೆ ಮುಂದಿನ ತಲೆಮಾರಿನ ಕೆಲಸ, ಈಗ ದುಡಿಯುತ್ತಿರುವವರದ್ದು ಮುಗಿದುಹೋದ ಲೆಕ್ಕ.

ಅಪವಾದಗಳಿವೆ. ಸರ್ಕಾರಿ ನೌಕರರ ಸಾಮಾನ್ಯ ಭವಿಷ್ಯ ನಿಧಿ, ಅಂದರೆ ಜಿಪಿಎಫ್, ಚಂದಾದಾರರ ಸ್ವಂತ ಉನ್ನತ ಶಿಕ್ಷಣಕ್ಕೂ ಮುಂಗಡ ಕೊಡುತ್ತದೆ. ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ 2018ರಲ್ಲಿ ನಿಯಮ ತಿದ್ದಿ, ಚಂದಾದಾರರು ಕೌಶಲ ಕಲಿಯಲು, ಮರುಕಲಿಯಲು ತಮ್ಮ ವಂತಿಗೆಯ ಶೇ 25ರಷ್ಟನ್ನು ತೆಗೆಯಬಹುದು ಎಂದಿತು. ಭವಿಷ್ಯ ನಿಧಿ ಸಂಸ್ಥೆಯ ಕೇಂದ್ರೀಯ ಮಂಡಳಿಯೂ 2025ರ ಅಕ್ಟೋಬರ್‌ನಲ್ಲಿ ಹಳೆಯ ಹದಿಮೂರು ಬಗೆಯ ಹಿಂಪಡೆತಗಳನ್ನು ಒಗ್ಗೂಡಿಸಿ, ಶಿಕ್ಷಣಕ್ಕೆ ಹತ್ತು ಸಲದವರೆಗೆ ಹಣ ತೆಗೆಯಲು ಬಿಡುವ ತೀರ್ಮಾನ ಮಾಡಿದೆ. ಬಾಗಿಲು ಸ್ವಲ್ಪ ತೆರೆಯುತ್ತಿದೆ. ಆದರೆ ಇವೆಲ್ಲ ಪಿಎಫ್ ನಂಬರೋ ಪಿಂಚಣಿ ಖಾತೆಯೋ ಇರುವವರ ಮಾತು.

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವರಪುರದಂಥ ಊರಿನಲ್ಲಿ ನಿಂತು ನೋಡಿದರೆ ಈ ಮಾತು ಬೇರೆಯಾಗಿ ಕೇಳಿಸುತ್ತದೆ. ಜನ ಎಚ್.ಡಿ. ಪುರ ಎನ್ನುವ ಈ ಊರಿನವರಿಗೆ ಹೊಳಲ್ಕೆರೆ, ಹೊಸದುರ್ಗ, ಹಿರಿಯೂರು, ಚಿತ್ರದುರ್ಗ ನಾಲ್ಕೂ ತಮ್ಮ ವ್ಯವಹಾರದ ಊರುಗಳೇ. ಅಡಿಕೆ, ತೆಂಗು, ಮೆಕ್ಕೆಜೋಳ, ಈರುಳ್ಳಿಯ ಸೀಮೆ. ಇಲ್ಲಿ ಸಂಬಳವೋ ಗೌರವಧನವೋ ಪಡೆಯುವವರು ಯಾರು? ಅಂಗನವಾಡಿ ಕಾರ್ಯಕರ್ತೆ ಮತ್ತು ಸಹಾಯಕಿ, ಆಶಾ, ಪಂಚಾಯಿತಿಯ ಕರವಸೂಲಿಗಾರ ಮತ್ತು ಡೇಟಾ ಎಂಟ್ರಿಯವರು, ಹಾಲಿನ ಡೇರಿಯ ಕಾರ್ಯದರ್ಶಿ, ಸೊಸೈಟಿಯ ಗುಮಾಸ್ತ, ಅತಿಥಿ ಶಿಕ್ಷಕ, ಲೈನ್‌ಮನ್, ಗೊಬ್ಬರದ ಅಂಗಡಿಯವರು, ಗುಡ್ಡದ ಮೇಲಿನ ಗಾಳಿಯಂತ್ರಗಳ ಟೆಕ್ನಿಷಿಯನ್, ಸಂಜೀವಿನಿ ಒಕ್ಕೂಟದ ಪುಸ್ತಕ ಬರೆಯುವ ಹೆಣ್ಣುಮಗಳು. ಇವರಲ್ಲಿ ಹೆಚ್ಚಿನವರು ಮೂವತ್ತು ದಾಟಿದವರು. ಮನೆ, ತೋಟ, ಸಾಲ ಮೂರೂ ಹೆಗಲ ಮೇಲಿರುವವರು. ಇವರಿಗೆ ಇನ್ನೊಂದು ಮೆಟ್ಟಿಲು ಹತ್ತುವ ಆಸೆ ಇಲ್ಲವೆಂದು ಹೇಳುವವರು ಯಾವುದಾದರೂ ಭಾನುವಾರ ದೂರಶಿಕ್ಷಣದ ಪರೀಕ್ಷಾ ಕೇಂದ್ರದ ಮುಂದೆ ಹೋಗಿ ನಿಲ್ಲಬೇಕು. ತಾಯಿ ಒಳಗೆ ಬರೆಯುತ್ತಿರುತ್ತಾಳೆ, ಮಗು ಎತ್ತಿಕೊಂಡ ಅಜ್ಜಿ ಹೊರಗೆ ಬೇವಿನ ಮರದಡಿ ಕೂತಿರುತ್ತಾಳೆ.

ಮೆಟ್ಟಿಲುಗಳು ನಿಜವಾಗಿ ಇವೆ, ಮತ್ತು ಎಷ್ಟೋ ಕಡೆ ಅವು ಅಗ್ಗ. ಅಂಗನವಾಡಿಯನ್ನೇ ತೆಗೆದುಕೊಳ್ಳಿ. ಕಾರ್ಯಕರ್ತೆಯರ ಹುದ್ದೆಗಳಲ್ಲಿ ಅರ್ಧದಷ್ಟನ್ನು ಐದು ವರ್ಷ ಸೇವೆ ಮಾಡಿದ, ಓದಿನ ಅರ್ಹತೆ ಇರುವ ಸಹಾಯಕಿಯರಿಂದಲೇ ತುಂಬಬೇಕು ಎಂದು 2022ರ ಕೇಂದ್ರ ಮಾರ್ಗಸೂಚಿ ಹೇಳುತ್ತದೆ. ಮೇಲ್ವಿಚಾರಕಿಯರ ಹುದ್ದೆಯಲ್ಲೂ ಕಾರ್ಯಕರ್ತೆಯರಿಗೆ ಪಾಲಿದೆ, ಅದಕ್ಕೆ ಪದವಿ ಬೇಕು. ಪಿಯುಸಿ ಇಲ್ಲದ ಸಹಾಯಕಿಗೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟುವ ಖರ್ಚು ಒಂದು ಹಬ್ಬದ ಸೀರೆಯ ಖರ್ಚಿಗಿಂತ ಹೆಚ್ಚೇನಲ್ಲ. ಪಂಚಾಯಿತಿಯ ಕರವಸೂಲಿಗಾರರಿಗೆ ಲೆಕ್ಕ ಸಹಾಯಕ, ಗ್ರೇಡ್-2 ಕಾರ್ಯದರ್ಶಿ ಹುದ್ದೆಗಳಿಗೆ ಬಡ್ತಿಯ ದಾರಿ ಇದೆ, ವಿದ್ಯಾರ್ಹತೆ ಕೈಯಲ್ಲಿದ್ದರೆ. ಸರ್ಕಾರಿ ಗುಮಾಸ್ತರಿಗೆ 1974ರ ನಿಯಮಗಳ ಅಡಿ ಲೋಕಸೇವಾ ಆಯೋಗ ನಡೆಸುವ ಇಲಾಖಾ ಪರೀಕ್ಷೆಗಳಿವೆ. ‘ಅಕೌಂಟ್ಸ್ ಹೈಯರ್ ಪಾಸಾಯ್ತಾ?’ ಎಂಬುದು ಕಚೇರಿಗಳಲ್ಲಿ ‘ಊಟ ಆಯ್ತಾ?’ ಎಂಬಷ್ಟೇ ಸಹಜವಾದ ಪ್ರಶ್ನೆ. ಅದಕ್ಕೆ ಬೇಕಾದದ್ದು ಪುಸ್ತಕ, ಅಲ್ಪ ಶುಲ್ಕ, ಮತ್ತು ಮನೆಯವರು ರಾತ್ರಿ ಎರಡು ಗಂಟೆ ಮಾತನಾಡಿಸದೆ ಬಿಡುವ ದೊಡ್ಡ ಮನಸ್ಸು.

ಹಾಗಿದ್ದರೆ ಹಣ ಎಲ್ಲಿ ಅಡ್ಡ ಬರುತ್ತದೆ? ಮೊತ್ತಕ್ಕಿಂತ ಹೆಚ್ಚಾಗಿ ಹೊತ್ತಿನಲ್ಲಿ. ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಪ್ರವೇಶ ವರ್ಷಕ್ಕೆ ಎರಡು ಸಲ, ಜುಲೈ ಆವೃತ್ತಿ ಮತ್ತು ಜನವರಿ ಆವೃತ್ತಿ. ಜುಲೈ ಅಂದರೆ ಈ ಸೀಮೆಯಲ್ಲಿ ಬಿತ್ತನೆಯ ಕಾಲ. ಮೆಕ್ಕೆಜೋಳದ ಬೀಜ, ಈರುಳ್ಳಿ ಬೀಜ, ಡಿಎಪಿ ಚೀಲ, ಜೊತೆಗೆ ಮಕ್ಕಳ ಶಾಲೆಯ ಫೀಸು, ಯೂನಿಫಾರ್ಮು ಎಲ್ಲವೂ ಒಟ್ಟಿಗೆ ಬಂದು ಬೀಳುವ ತಿಂಗಳು. ಆಗ ಅಪ್ಪನ ಬಿ.ಎ. ಅರ್ಜಿಗೆ ಯಾರ ಮನೆಯಲ್ಲೂ ಸರದಿ ಬರುವುದಿಲ್ಲ. ಅಡಿಕೆಯ ಹಣ ಕೈಗೆ ಸಿಗುವುದು ಕೊಯ್ಲು ಮುಗಿದು, ಸುಲಿದು, ಬೇಯಿಸಿ, ಒಣಗಿಸಿ ಭೀಮಸಮುದ್ರಕ್ಕೋ ಹೊಳಲ್ಕೆರೆಗೋ ಮಾಲು ಹೋದಮೇಲೆ. ಅಷ್ಟು ಹೊತ್ತಿಗೆ ಜನವರಿ. ಆ ಜನವರಿ ಪ್ರವೇಶ ಇಲ್ಲಿನವರಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಅದೊಂದು ಇದೆ ಎಂಬುದೇ ಗೊತ್ತಿಲ್ಲದೆ ‘ಈ ವರ್ಷ ಡೇಟ್ ಹೋಯ್ತು’ ಎಂದು ಸುಮ್ಮನಾಗುವವರು ಊರಿಗೊಬ್ಬರಾದರೂ ಸಿಗುತ್ತಾರೆ.

ಸಾಮಾನ್ಯವಾಗಿ ಈ ಖರ್ಚು ಸಂಘದ ಸಾಲದಿಂದ ತೂಗುತ್ತದೆ. ಸ್ತ್ರೀಶಕ್ತಿ ಸಂಘವಿರಲಿ, ಧರ್ಮಸ್ಥಳ ಸಂಘವಿರಲಿ, ಸಾಲದ ಪುಸ್ತಕದಲ್ಲಿ ‘ಉದ್ದೇಶ’ ಎಂಬ ಕಾಲಂ ಇರುತ್ತದೆ. ಅಲ್ಲಿ ‘ವಿದ್ಯಾಭ್ಯಾಸ’ ಎಂದು ಬರೆದರೆ ಓದುವವರಿಗೆಲ್ಲ ಅದು ಮಕ್ಕಳದ್ದು ಎಂದೇ ಅರ್ಥ. ತಾನು ಬಿ.ಎಡ್. ಕಟ್ಟುತ್ತೇನೆಂದು ಹೇಳಿಕೊಳ್ಳಲು ಮುಜುಗರವಾಗಿ ‘ಹಸು ಖರೀದಿ’ ಎಂದು ಬರೆಸುವುದೂ ಉಂಟು. ಉಳಿದಂತೆ ಚೀಟಿ ಕೂಗುವುದು, ಸರ ಗಿರವಿ ಇಡುವುದು. ಚೀಟಿಯಲ್ಲಿ ಒಂದು ತೊಡಕಿದೆ: ಅವಸರದವರು ಮೊದಲು ಕೂಗುತ್ತಾರೆ, ಮೊದಲು ಕೂಗಿದವರು ಹೆಚ್ಚು ಕಳೆದುಕೊಳ್ಳುತ್ತಾರೆ. ಪರೀಕ್ಷಾ ಶುಲ್ಕದ ಕೊನೇ ದಿನಕ್ಕಿಂತ ದೊಡ್ಡ ಅವಸರ ಯಾವುದು?

ನೇರವಾಗಿ ಕೂಡಿಟ್ಟರೆ ಎಷ್ಟಾಗುತ್ತದೆ ಎಂಬ ಲೆಕ್ಕ ಕಷ್ಟದ್ದಲ್ಲ. ಅಂಚೆ ಕಚೇರಿಯ ಐದು ವರ್ಷದ ಆರ್.ಡಿ.ಯಲ್ಲಿ ತಿಂಗಳಿಗೆ 500 ರೂಪಾಯಿ ಹಾಕಿದರೆ, 2023ರ ಅಕ್ಟೋಬರ್‌ನಿಂದ ಇರುವ ಶೇ 6.7ರ ಬಡ್ಡಿಯಲ್ಲಿ, ಕಟ್ಟಿದ 30,000 ಕೊನೆಗೆ ಸುಮಾರು 35,700 ಆಗಿ ಬರುತ್ತದೆ. ದೂರಶಿಕ್ಷಣದ ಒಂದು ಸಾಮಾನ್ಯ ಪದವಿಯ ದಾರಿಯಲ್ಲಿ ಅದು ದೊಡ್ಡ ಬಲ. ಗೃಹಲಕ್ಷ್ಮಿಯ ತಿಂಗಳ 2,000 ಬಂದ ಮೇಲೆ ಮನೆಯೊಡತಿಯ ಕೈಯಲ್ಲಿ ಇಷ್ಟನ್ನು ಎತ್ತಿಡುವ ಶಕ್ತಿಯೂ ಬಂದಿದೆ. ಶಕ್ತಿ ಯೋಜನೆಯಿಂದ, ಸರ್ಕಾರಿ ಬಸ್ಸು ಓಡುವ ದಾರಿಯಲ್ಲಾದರೂ, ಸಂಪರ್ಕ ತರಗತಿಗೆ ಹೋಗಿಬರುವ ಹೆಂಗಸರ ಖರ್ಚು ಇಳಿದಿದೆ. ಈ ಎರಡು ಯೋಜನೆಗಳ ಬಗ್ಗೆ ಎಷ್ಟೋ ವಾದ ನಡೆದವು. ಇವು ಸದ್ದಿಲ್ಲದೆ ವಯಸ್ಕ ಹೆಣ್ಣುಮಕ್ಕಳ ಓದಿನ ಖರ್ಚನ್ನೂ ಹೊರುತ್ತಿವೆ ಎಂಬುದನ್ನು ಪರ ವಿರೋಧ ಇಬ್ಬರೂ ಹೇಳಿದ್ದು ಕಡಿಮೆ.

ಆದ್ದರಿಂದ ನನ್ನ ವಾದ ಇದು: ಈ ಸೀಮೆಯಲ್ಲಿ ವಯಸ್ಕರ ಓದು ಹಣವಿಲ್ಲದೆ ಸೋಲುವುದಕ್ಕಿಂತ ಹೆಚ್ಚಾಗಿ ಹೇಳುವವರಿಲ್ಲದೆ ಸೋಲುತ್ತದೆ. ಯಾವ ಕೋರ್ಸು, ಯಾವ ಸಂಸ್ಥೆ, ಅದಕ್ಕೆ ಮಾನ್ಯತೆ ಇದೆಯೇ, ನನ್ನ ಇಲಾಖೆ ಅದನ್ನು ಒಪ್ಪುತ್ತದೆಯೇ, ಮುಗಿಸಿದರೆ ಸಿಗುವುದೇನು? ಈ ಐದು ಪ್ರಶ್ನೆಗೆ ಉತ್ತರ ಹೇಳಬಲ್ಲ, ಹೇಳಿದ್ದಕ್ಕೆ ಕಮಿಷನ್ ಪಡೆಯದ ಒಬ್ಬ ವ್ಯಕ್ತಿ ಹೋಬಳಿ ಮಟ್ಟದಲ್ಲಿ ಇಲ್ಲ. ಇರುವುದು ಜೆರಾಕ್ಸ್ ಅಂಗಡಿ, ಸೈಬರ್ ಸೆಂಟರ್, ಮತ್ತು ಬಸ್ ಸ್ಟ್ಯಾಂಡಿನ ಗೋಡೆ. ‘ಎಸ್ಸೆಸ್ಸೆಲ್ಸಿ ಫೇಲಾದವರೂ ಒಂದೇ ವರ್ಷದಲ್ಲಿ ಡಿಗ್ರಿ ಪಡೆಯಿರಿ’ ಎಂಬ ಚೀಟಿಗಳ ಮೇಲೆ ಫೋನ್ ನಂಬರು ದೊಡ್ಡದಾಗಿರುತ್ತದೆ, ವಿಶ್ವವಿದ್ಯಾಲಯದ ಹೆಸರು ಇರುವುದೇ ಇಲ್ಲ.

ಗೋಡೆ ಚೀಟಿ ನಂಬಿದವರು ಮೋಸ ಹೋದರೆ ‘ಅತಿಯಾಸೆ’ ಎನ್ನಬಹುದು. ಆದರೆ ಸರ್ಕಾರವನ್ನೇ ನಂಬಿದವರ ಕಥೆ? ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ಅಂಚೆ ಮೂಲಕ ಪಾಠ ಕಳಿಸುವ ಶಿಕ್ಷಣ ಶುರು ಮಾಡಿತ್ತು. ಹಳೆಯ ಮೇಷ್ಟ್ರುಗಳು ಈಗಲೂ ‘ಅಂಚೆ ತೆರಪಿನಲ್ಲಿ ಎಂ.ಎ. ಮಾಡಿಕೊಂಡೆ’ ಎನ್ನುವುದು ಅದನ್ನೇ. ಆ ಬೇರಿನಿಂದ 1996ರಲ್ಲಿ ಮುಕ್ತ ವಿಶ್ವವಿದ್ಯಾಲಯ ಹುಟ್ಟಿತು. ಮುಕ್ತಗಂಗೋತ್ರಿಯ ಹಳದಿ ಪುಸ್ತಕಗಳನ್ನು ಹಟ್ಟಿಯ ಬುಡ್ಡಿದೀಪದಲ್ಲಿ ಓದಿ ಪ್ರಾಥಮಿಕ ಶಾಲೆಯಿಂದ ಹೈಸ್ಕೂಲಿಗೆ ಬಂದವರು, ಗುಮಾಸ್ತರಾಗಿದ್ದು ತಹಶೀಲ್ದಾರರಾದವರು ನಾಡಿನ ತುಂಬ ಇದ್ದಾರೆ. ಆದರೆ 2015ರ ಜೂನ್‌ನಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, ಪ್ರಕಟಣೆ ಹೊರಡಿಸಿತು: 2012–13ರ ನಂತರದ ಕೋರ್ಸುಗಳಿಗೆ ಮಾನ್ಯತೆ ಇಲ್ಲ. ಕಾರಣ, ವಿಶ್ವವಿದ್ಯಾಲಯ ರಾಜ್ಯದ ಗಡಿ ದಾಟಿ ಖಾಸಗಿ ಸಂಸ್ಥೆಗಳ ಜೊತೆ ಕೈಜೋಡಿಸಿತ್ತು, ತಾಂತ್ರಿಕ ಕೋರ್ಸುಗಳನ್ನು ನಡೆಸಿತ್ತು. ತಪ್ಪು ನಡೆದದ್ದು ಎಲ್ಲೋ. ಪ್ರಮಾಣಪತ್ರ ಹಿಡಿದು ಬಡ್ತಿಗೆ ಕಾಯುತ್ತಿದ್ದ ಹಳ್ಳಿಯ ಶಿಕ್ಷಕಿಯ ಎಂ.ಎ. ಅತಂತ್ರವಾಯಿತು. ಮಾನ್ಯತೆ ಮರಳಿ ಬಂದದ್ದು 2018ರ ಆಗಸ್ಟ್‌ನಲ್ಲಿ, ಅದೂ 2018–19ರಿಂದ ಮುಂದಕ್ಕೆ. ನಡುವೆ ಸಿಕ್ಕಿಕೊಂಡವರು ವರ್ಷಗಟ್ಟಲೆ ಕಚೇರಿ, ಕೋರ್ಟು ಅಲೆದರು. ಅವರಲ್ಲಿ ಎಷ್ಟು ಜನ ಆ ಫೀಸನ್ನು ಸಂಘದ ಸಾಲದಲ್ಲಿ ಕಟ್ಟಿದ್ದರೋ. ಮಾನ್ಯತೆ ಹೋದರೂ ಸಂಘದ ಕಂತು ನಿಲ್ಲುವುದಿಲ್ಲ.

ಈ ಪ್ರಸಂಗವನ್ನು ವಿಶ್ವವಿದ್ಯಾಲಯದ ಆಡಳಿತದ ವೈಫಲ್ಯ ಎಂದಷ್ಟೇ ಬರೆದವರು ಹೆಚ್ಚು. ನನಗೆ ಕಾಣುವುದು ಇನ್ನೊಂದು ಮುಖ. ಮಾನ್ಯತೆ ಇಲ್ಲದ ಆ ವರ್ಷಗಳಲ್ಲಿ ಹೆಸರು ಹಚ್ಚಲು ಹೊರಟ ಒಬ್ಬೊಬ್ಬರಿಗೂ ‘ಸ್ವಲ್ಪ ತಡೆಯಿರಿ, ಯುಜಿಸಿ ಪಟ್ಟಿ ನೋಡೋಣ’ ಎನ್ನುವವರು ಹತ್ತಿರದಲ್ಲಿ ಇದ್ದಿದ್ದರೆ ನಷ್ಟ ಇಷ್ಟಾಗುತ್ತಿರಲಿಲ್ಲ. ಈಗ ವಿಶ್ವವಿದ್ಯಾಲಯ ಸುಧಾರಿಸಿದೆ, ದಾವಣಗೆರೆಯ ಪ್ರಾದೇಶಿಕ ಕೇಂದ್ರ ನಮಗೆ ಕೈಗೆಟುಕುವ ದೂರದಲ್ಲಿದೆ, ಆಟೊ ಚಾಲಕರಂಥವರಿಗೆ ಶುಲ್ಕದಲ್ಲಿ ರಿಯಾಯಿತಿಯನ್ನೂ ಕೊಟ್ಟಿದೆ. 2022ರಲ್ಲಿ ಯುಜಿಸಿಯು ದೂರಶಿಕ್ಷಣದ ಪದವಿ ಕಾಲೇಜಿಗೆ ಹೋಗಿ ಪಡೆದ ಪದವಿಗೆ ಸಮ ಎಂದು ಸ್ಪಷ್ಟಪಡಿಸಿತು, ಒಟ್ಟಿಗೆ ಎರಡು ಪದವಿ ಓದಲೂ ಒಪ್ಪಿತು. ಈ ಎರಡು ಸುದ್ದಿಗಳು ಹೊರಕೆರೆದೇವರಪುರಕ್ಕೆ ತಲುಪಿದ್ದು ಬಹುಮಟ್ಟಿಗೆ ಏಜೆಂಟರ ಬಾಯಿಂದ, ಅವರಿಗೆ ಬೇಕಾದ ಹಾಗೆ.

ಸರಿಯಾದ ಕಡೆ, ಸರಿಯಾದದ್ದನ್ನೇ ಓದಿದರೂ ಮೆಟ್ಟಿಲು ಜಾರುವುದುಂಟು. ಪ್ರಾಥಮಿಕ ಶಾಲಾ ಶಿಕ್ಷಕರ ಹೋರಾಟ ಇದಕ್ಕೆ ಸಾಕ್ಷಿ. ಒಂದರಿಂದ ಏಳನೇ ತರಗತಿಗೆಂದು ನೇಮಕವಾದವರನ್ನು 2017ರ ವೃಂದ ಮತ್ತು ನೇಮಕಾತಿ ನಿಯಮ ಒಂದರಿಂದ ಐದಕ್ಕೆ ಸೀಮಿತಗೊಳಿಸಿತು. ಆರರಿಂದ ಎಂಟಕ್ಕೆ ಪದವೀಧರ ಶಿಕ್ಷಕರು ಎಂಬ ಬೇರೆ ವೃಂದ ಬಂತು. ಸೇವೆಯಲ್ಲಿದ್ದುಕೊಂಡೇ, ಸ್ವಂತ ಖರ್ಚಿನಲ್ಲಿ ಬಿ.ಎ., ಬಿ.ಎಸ್ಸಿ., ಬಿ.ಎಡ್. ಮಾಡಿಕೊಂಡಿದ್ದವರು ‘ನಾವೂ ಪದವೀಧರರೇ, ನಮ್ಮನ್ನೂ ಆ ವೃಂದಕ್ಕೆ ಸೇರಿಸಿ’ ಎಂದು ಕೇಳಿದರು. 2024ರ ಆಗಸ್ಟ್‌ನಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಅವರು ದೊಡ್ಡ ಸಂಖ್ಯೆಯಲ್ಲಿ ಸೇರಿದ್ದು ಇದಕ್ಕೇ. ಹೊಸ ನೇಮಕಾತಿಯ ಗುಣಮಟ್ಟಕ್ಕೆ ಪರೀಕ್ಷೆ ಬೇಕು ಎಂಬ ಸರ್ಕಾರದ ವಾದದಲ್ಲೂ ಹುರುಳಿದೆ. ಆದರೆ ಹದಿನೈದು ವರ್ಷ ಪಾಠ ಹೇಳಿ, ರಜೆಯಲ್ಲೆಲ್ಲ ಓದಿ ಪದವಿ ಪಡೆದವರಿಗೆ ‘ಅದು ನಿಮ್ಮ ಖುಷಿಗೆ ಓದಿದ್ದು’ ಎಂದರೆ, ಪಕ್ಕದ ಮೇಜಿನ ಕಿರಿಯ ಶಿಕ್ಷಕ ನಾಳೆ ಪುಸ್ತಕ ತೆರೆಯುತ್ತಾನೆಯೇ?

ಓದಿದ್ದಕ್ಕೆ ಫಲ ಇದೆ ಎಂದು ಮೊದಲೇ ಬರೆದಿಟ್ಟ ಕಡೆ ಏನಾಗುತ್ತದೆ ನೋಡಿ. ಬ್ಯಾಂಕಿನವರಿಗೆ ಜೆಎಐಐಬಿ, ಸಿಎಐಐಬಿ ಎಂಬ ಪರೀಕ್ಷೆಗಳಿವೆ. 1928ರಲ್ಲಿ ಹುಟ್ಟಿದ ಬ್ಯಾಂಕಿಂಗ್ ಸಂಸ್ಥೆಯೊಂದು ಅವನ್ನು ನಡೆಸುತ್ತದೆ. ಪಾಸಾದರೆ ವೇತನ ಬಡ್ತಿ, ಇಂತಿಷ್ಟು ಎಂದು ಒಪ್ಪಂದದಲ್ಲೇ ಇದೆ. ಹೊಳಲ್ಕೆರೆಯ ಶಾಖೆಯಲ್ಲಿ ದಿನವಿಡೀ ಕೌಂಟರಿನಲ್ಲಿ ಕೂತ ಹುಡುಗ ರಾತ್ರಿ ಓದಲು ಬೇರೆ ಉಪದೇಶ ಬೇಕಿಲ್ಲ. ಇದಕ್ಕೆ ಎದುರಾಗಿ, ಸರ್ಕಾರಿ ನೌಕರರಿಗೆ 2012ರ ನಿಯಮದಂತೆ ಬಂದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆಯಲ್ಲಿ ಮುಂದೆ ಹಿಡಿದದ್ದು ಬೆತ್ತವನ್ನು. ಪಾಸಾಗದಿದ್ದರೆ ಬಡ್ತಿಗೆ ಕತ್ತರಿ. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು, ಪರೀಕ್ಷೆಯ ಹಿಂದಿನ ದಿನ ಎಕ್ಸೆಲ್ ಕಲಿತು ಮರುದಿನ ಮರೆತವರೂ ಬಹಳ.

ನನಗೆ ತುಂಬ ಇಷ್ಟವಾದ ಉದಾಹರಣೆ ಗೊಬ್ಬರದ ಅಂಗಡಿಯವರದ್ದು. ರೈತ ಬೆಳೆಗೆ ರೋಗ ಬಂದರೆ ಮೊದಲು ಓಡುವುದು ಇಲಾಖೆಗಲ್ಲ, ಅಂಗಡಿಗೆ. ಅಂಗಡಿಯವರು ‘ಇದು ಹೊಡಿ, ವಾಸಿಯಾಗ್ತದೆ’ ಎನ್ನುತ್ತಾರೆ. ಇವರು ಹೇಗೂ ಸಲಹೆಗಾರರಾಗಿದ್ದಾರೆ, ಹಾಗಿದ್ದರೆ ಸರಿಯಾಗಿ ಕಲಿಸೋಣ ಎಂದು ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ‘ದೇಸಿ’ ಎಂಬ ಒಂದು ವರ್ಷದ ಡಿಪ್ಲೊಮಾ ಆರಂಭಿಸಿತು. ವಾರಕ್ಕೊಂದೇ ದಿನ ತರಗತಿ, ಅದೂ ಅಂಗಡಿ ಮುಚ್ಚುವ ದಿನ. 48 ವಾರ, ನಡುನಡುವೆ ಹೊಲದ ಭೇಟಿ. ನಂತರ ಸರ್ಕಾರ ಗೊಬ್ಬರ, ಔಷಧಿ ಮಾರುವವರಿಗೆ ವಿದ್ಯಾರ್ಹತೆ ಕಡ್ಡಾಯ ಮಾಡಿದಾಗ ಹಳೆಯ ವ್ಯಾಪಾರಿಗಳಿಗೆ ಇದೇ ಆಸರೆಯಾಯಿತು. 20,000 ರೂಪಾಯಿ ಶುಲ್ಕದಲ್ಲಿ ಅರ್ಧವನ್ನು ಕೇಂದ್ರ ಸರ್ಕಾರ ಭರಿಸುವ ಏರ್ಪಾಡು 2015–16ರಿಂದ ಬಂತು. ಕೃಷಿ ವಿಜ್ಞಾನ ಕೇಂದ್ರಗಳಂಥ ಕಡೆ ಪಾಠ ನಡೆಯುತ್ತದೆ. ಐವತ್ತು ದಾಟಿದ, ತಲೆ ನೆರೆತ ಅಂಗಡಿ ಮಾಲೀಕರು ಬೆಂಚಿನ ಮೇಲೆ ಕೂತು ಕೀಟದ ರೆಕ್ಕೆ ಎಣಿಸುವುದು ನೋಡುವಂಥದ್ದು. ಇಲ್ಲಿ ಎಲ್ಲವೂ ಕೂಡಿಬಂದಿದೆ: ಕಲಿಯುವವರ ಪಾಲು, ಸರ್ಕಾರದ ಪಾಲು, ಬಿಡುವಿನ ದಿನಕ್ಕೆ ಹೊಂದುವ ವೇಳಾಪಟ್ಟಿ, ಕೊನೆಗೆ ಲೈಸೆನ್ಸು ಉಳಿಯುವ ಖಾತರಿ. ಇಷ್ಟು ಕೂಡಿಬಂದರೆ ‘ವಯಸ್ಸಾಯ್ತು, ತಲೆಗೆ ಹತ್ತಲ್ಲ’ ಎಂಬ ಮಾತು ಯಾರಿಂದಲೂ ಬರುವುದಿಲ್ಲ. ನಮ್ಮದೇ ಜಿಲ್ಲೆಯ ಚಳ್ಳಕೆರೆಯ ಬಳಿ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ ಹಳ್ಳಿ ಶಾಲೆಗಳ ವಿಜ್ಞಾನ ಶಿಕ್ಷಕರಿಗೆ ಕೊಡುವ ವಸತಿ ತರಬೇತಿಯೂ ಇದೇ ಜಾಯಮಾನದ್ದು. ಅಲ್ಲಿಂದ ಬಂದವರ ತರಗತಿಗೆ ಪ್ರಯೋಗ ಮರಳಿ ಬಂದಿದೆ.

ದುಡಿಯುವವರಿಗೆ ಕಲಿಕೆ ಎಂಬ ಯೋಚನೆ ನಮಗೆ ಹೊಸದೂ ಅಲ್ಲ. 1940ರ ದಶಕದಲ್ಲಿ ಮೈಸೂರು ಸಂಸ್ಥಾನದ ವಯಸ್ಕರ ಶಿಕ್ಷಣ ಸಮಿತಿ ಅಕ್ಷರ ಕಲಿಸುವುದಕ್ಕೇ ನಿಲ್ಲದೆ, ಡೆನ್ಮಾರ್ಕಿನ ಜನಪದ ಪ್ರೌಢಶಾಲೆಗಳ ಮಾದರಿಯಲ್ಲಿ ವಿದ್ಯಾಪೀಠಗಳನ್ನು ತೆರೆಯಿತು. ಹಳ್ಳಿಯ ಯುವ ರೈತರು ಕೆಲವು ತಿಂಗಳು ಅಲ್ಲಿದ್ದು ಕಲಿತು ಊರಿಗೆ ಮರಳುತ್ತಿದ್ದರು. ಆ ಪರಂಪರೆ ಕ್ರಮೇಣ ಸೊರಗಿ, ‘ವಯಸ್ಕರ ಶಿಕ್ಷಣ’ ಎಂದರೆ ಹೆಬ್ಬೆಟ್ಟಿನವರಿಗೆ ಸಹಿ ಕಲಿಸುವುದು ಎಂಬಲ್ಲಿಗೆ ಇಳಿದದ್ದು ಬೇಸರದ ಸಂಗತಿ.

ಹೊರದೇಶಗಳಲ್ಲಿ ಈ ಪ್ರಶ್ನೆಗೆ ಖಾತೆಯ ರೂಪದ ಉತ್ತರಗಳನ್ನು ಹುಡುಕಿದ್ದಾರೆ. ಅಮೆರಿಕದಲ್ಲಿ ಇಪ್ಪತ್ತೊಂದನೇ ಶತಮಾನದ ಆರಂಭದಲ್ಲಿ, 1974ರಲ್ಲಿ ಸ್ಥಾಪನೆಯಾದ ವಯಸ್ಕ ಕಲಿಕೆಯ ಮಂಡಳಿಯೊಂದು ಷಿಕಾಗೋದ ಹೋಟೆಲ್ ಕೆಲಸಗಾರರಂಥವರ ಜೊತೆ ‘ಜೀವನಪೂರ್ತಿ ಕಲಿಕೆಯ ಖಾತೆ’ ಪ್ರಯೋಗಿಸಿತು. ಕೆಲಸಗಾರ ಒಂದಿಷ್ಟು ಹಾಕುತ್ತಾನೆ, ಅಷ್ಟನ್ನೇ ಮಾಲೀಕ ಸೇರಿಸುತ್ತಾನೆ, ಖರ್ಚು ಮಾಡುವ ಮೊದಲು ಸಲಹೆಗಾರರೊಬ್ಬರ ಜೊತೆ ಕೂತು ಕಲಿಕೆಯ ಯೋಜನೆ ಬರೆಯುತ್ತಾರೆ. ಆ ಮೂರನೆಯ ಅಂಶವನ್ನು ಬಿಟ್ಟರೆ ಏನಾಗುತ್ತದೆ ಎಂಬುದನ್ನು ಇಂಗ್ಲೆಂಡ್ ದುಬಾರಿಯಾಗಿ ಕಲಿಯಿತು. ಅಲ್ಲಿ 2000ದ ಸೆಪ್ಟೆಂಬರ್‌ನಲ್ಲಿ ವೈಯಕ್ತಿಕ ಕಲಿಕಾ ಖಾತೆ ಬಂತು. ಕಲಿಯುವವರು 25 ಪೌಂಡ್ ಹಾಕಿದರೆ ಸರ್ಕಾರ 150 ಪೌಂಡ್. 25 ಲಕ್ಷಕ್ಕೂ ಹೆಚ್ಚು ಖಾತೆಗಳು ತೆರೆದವು. ಯಾರು ಬೇಕಾದರೂ ತರಬೇತಿ ಸಂಸ್ಥೆ ಎಂದು ಹೆಸರು ಹಚ್ಚಿಕೊಳ್ಳಬಹುದಾದ್ದರಿಂದ ವಂಚಕರು ನುಗ್ಗಿದರು. 2001ರ ನವೆಂಬರ್‌ನಲ್ಲಿ ಇಡೀ ಯೋಜನೆಯನ್ನೇ ಮುಚ್ಚಬೇಕಾಯಿತು.

ಫ್ರಾನ್ಸ್ 2015ರಲ್ಲಿ ಶುರು ಮಾಡಿದ ಖಾತೆಗೆ ಈಗ ವರ್ಷಕ್ಕೆ 500 ಯೂರೊ ಬೀಳುತ್ತದೆ, 5,000 ಮುಟ್ಟುವವರೆಗೆ. ಅಲ್ಲೂ ಫೋನ್ ಮಾಡಿ ಬಲೆ ಹಾಕುವವರ ಹಾವಳಿ ಎಷ್ಟಾಯಿತೆಂದರೆ 2022ರ ಡಿಸೆಂಬರ್‌ನಲ್ಲಿ ಅಂಥ ಕರೆಗಳನ್ನು ಕಾನೂನಿನಿಂದಲೇ ನಿಷೇಧಿಸಿದರು. ಆದರೆ ಅಲ್ಲಿ ಜೊತೆಗೆ ಉಚಿತ ವೃತ್ತಿ ಸಲಹೆಯ ಹಕ್ಕೂ ಇದೆ. ಸಿಂಗಪುರ 2016ರಿಂದ 25 ದಾಟಿದ ಪ್ರಜೆಗಳಿಗೆಲ್ಲ 500 ಡಾಲರ್ ಕಲಿಕಾ ಜಮೆ ಕೊಟ್ಟಿತು, 2024ರಲ್ಲಿ 40 ದಾಟಿದವರಿಗೆ ಇನ್ನೂ 4,000 ಸೇರಿಸಿತು. ನಲವತ್ತು ದಾಟಿದವರಿಗೆ ಹೆಚ್ಚು! ನಮ್ಮಲ್ಲಿ ಆ ವಯಸ್ಸಿಗೆ ಸಾಲದ ಅರ್ಜಿಯ ‘ವಿದ್ಯಾರ್ಥಿ’ ಎಂಬ ಚೌಕದಲ್ಲಿ ಹೆಸರು ಬರೆದರೆ ಮ್ಯಾನೇಜರು ಕನ್ನಡಕ ಮೇಲೇರಿಸಿ ನೋಡುತ್ತಾರೆ.

ಇವನ್ನು ಹಾಗೆಯೇ ತಂದು ಇಲ್ಲಿ ನೆಡಬೇಕಿಲ್ಲ. ಕೂಡಿ ಹಾಕುವ ಏರ್ಪಾಡು ನಮ್ಮಲ್ಲಿ ಈಗಾಗಲೇ ಇದೆ. 1965ರ ಕಾಯ್ದೆಯಂತೆ ನಡೆಯುವ ಕರ್ನಾಟಕದ ಕಾರ್ಮಿಕ ಕಲ್ಯಾಣ ನಿಧಿಗೆ ವರ್ಷಕ್ಕೊಮ್ಮೆ ಕಾರ್ಮಿಕ, ಮಾಲೀಕ, ಸರ್ಕಾರ ಮೂವರೂ ವಂತಿಗೆ ಹಾಕುತ್ತಾರೆ. ಷಿಕಾಗೋದಲ್ಲಿ ಪ್ರಯೋಗವೆಂದು ಮಾಡಿದ್ದನ್ನು ನಾವು ಅರ್ಧ ಶತಮಾನದಿಂದ ಮಾಡುತ್ತಿದ್ದೇವೆ. ಬದಲಾಗಬೇಕಾದದ್ದು ಫಲಾನುಭವಿಯ ಸಾಲಿನಲ್ಲಿ ‘ಕಾರ್ಮಿಕರ ಮಕ್ಕಳು’ ಎಂಬುದರ ಹಿಂದೆ ‘ಕಾರ್ಮಿಕರು ಮತ್ತು’ ಎಂಬ ಎರಡು ಪದ. ಹಾಗೆಯೇ ಸಹಕಾರ ಸಂಘಗಳು ನಿವ್ವಳ ಲಾಭದಲ್ಲಿ ಒಂದು ಪಾಲನ್ನು 1959ರ ಕಾಯ್ದೆಯಂತೆ ಸಹಕಾರ ಶಿಕ್ಷಣ ನಿಧಿಗೆ ಕಳಿಸುತ್ತವೆ. ಡೇರಿ ಕಾರ್ಯದರ್ಶಿಗೆ, ಸೊಸೈಟಿ ಗುಮಾಸ್ತನಿಗೆ ಆ ನಿಧಿಯಿಂದ ವರ್ಷಕ್ಕೊಂದು ಕೋರ್ಸು ಕೇಳುವ ನ್ಯಾಯವಾದ ಹಕ್ಕಿದೆ ಎಂದೇ ನನ್ನ ಅಭಿಪ್ರಾಯ.

ಸಲಹೆಗಾರರು ಎಲ್ಲಿ ಕೂರಬೇಕು? ಹೊಸ ಕಚೇರಿ ಕಟ್ಟಿದರೆ ಅದಕ್ಕೊಂದು ಬೀಗ ಬೀಳುತ್ತದೆ, ಅಷ್ಟೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಈಗ ‘ಅರಿವು ಕೇಂದ್ರ’ ಎನಿಸಿಕೊಂಡಿವೆ. ಹಲವು ಕಡೆ ಕಂಪ್ಯೂಟರ್ ಇದೆ, ಇಂಟರ್‌ನೆಟ್ ಇದೆ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳಿವೆ. ಮೇಲ್ವಿಚಾರಕರಿಗೆ ಯುಜಿಸಿಯ ಮಾನ್ಯತೆ ಪಟ್ಟಿ, ಮುಕ್ತ ವಿಶ್ವವಿದ್ಯಾಲಯದ ಎರಡು ಪ್ರವೇಶ ದಿನಾಂಕಗಳು, ಇಲಾಖಾ ಪರೀಕ್ಷೆಗಳ ಅಧಿಸೂಚನೆ, ಅಂಗನವಾಡಿ ಮತ್ತು ಪಂಚಾಯಿತಿ ನೌಕರರ ಬಡ್ತಿ ನಿಯಮ ಇಷ್ಟನ್ನು ಓದಿ ಹೇಳಲು ಎರಡು ದಿನದ ತರಬೇತಿ ಕೊಟ್ಟು, ಅದಕ್ಕೆಂದು ಗೌರವಧನ ಸ್ವಲ್ಪ ಹೆಚ್ಚಿಸಿದರೆ ಜೆರಾಕ್ಸ್ ಅಂಗಡಿಯ ಏಕಸ್ವಾಮ್ಯ ಮುರಿಯುತ್ತದೆ. ತಿಂಗಳಿಗೊಂದು ಭಾನುವಾರ ದಾವಣಗೆರೆ ಕೇಂದ್ರದಿಂದ ಒಬ್ಬರು ಬಂದು ಹೋದರೆ ಇನ್ನೂ ಒಳ್ಳೆಯದು.

ಇದಕ್ಕೂ ಮೊದಲೇ, ಯಾರ ಅಪ್ಪಣೆಗೂ ಕಾಯದೆ ಆಗಬಹುದಾದ ಕೆಲಸವೊಂದಿದೆ. ಪ್ರತಿ ಸೆಪ್ಟೆಂಬರ್‌ನಲ್ಲಿ ಹಳ್ಳಿ ಹಳ್ಳಿಯ ಸೊಸೈಟಿಗಳು, ಡೇರಿಗಳು ವಾರ್ಷಿಕ ಮಹಾಸಭೆ ನಡೆಸುತ್ತವೆ. ಶಾಮಿಯಾನ, ಮೈಸೂರು ಪಾಕು, ಲಾಭ ನಷ್ಟದ ಪಟ್ಟಿ, ಕೊನೆಗೆ ಸದಸ್ಯರ ಮಕ್ಕಳಿಗೆ ಪ್ರತಿಭಾ ಪುರಸ್ಕಾರ. ಎಸ್ಸೆಸ್ಸೆಲ್ಸಿಯಲ್ಲಿ ಶೇ 90 ತೆಗೆದ ಹುಡುಗಿಗೆ ಶಾಲು, ಸಾವಿರ ರೂಪಾಯಿ. ಅದೇ ಸಭೆಯಲ್ಲಿ, ಕಳೆದ ವರ್ಷ ನಲವತ್ತನೆಯ ವಯಸ್ಸಿನಲ್ಲಿ ಪಿಯುಸಿ ಪಾಸು ಮಾಡಿದ ಸದಸ್ಯೆಯ ಮುಂದಿನ ಫೀಸನ್ನೂ ಕೊಡುವುದಕ್ಕೆ ಕಾಯ್ದೆ ತಿದ್ದುಪಡಿ ಬೇಕಿಲ್ಲ. ಕಾರ್ಯಸೂಚಿಯಲ್ಲಿ ಒಂದು ವಿಷಯ ಸೇರಬೇಕು, ಒಬ್ಬರು ಸೂಚಿಸಬೇಕು, ಒಬ್ಬರು ಅನುಮೋದಿಸಬೇಕು.